ಕುದುರೆ ಟ್ರೇಲರ್ ಕೊಳ್ಳುವ ಮೊದಲು ಏನೇನು ನೋಡಬೇಕು? ಧಾರವಾಡ ಕಡೆ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿದೆ

ಬಂಕಾಪುರ ಸವಾರ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಗ್ಗಾಂವಿ ತಾಲ್ಲೂಕು. ಮನೆಯಲ್ಲಿ ಎರಡು ಕುದುರೆ ಇವೆ. ಒಂದು ಮಾರ್ವಾಡಿ ತಳಿಯ ಹೆಣ್ಣು, ಇನ್ನೊಂದು ಜವಾರಿ ಗಂಡು. ಮದುವೆ ಸೀಸನ್‌ನಲ್ಲಿ ಹುಬ್ಬಳ್ಳಿ, ಹಾವೇರಿ, ಗದಗ ಕಡೆ ಮೆರವಣಿಗೆಗೆ ಒಯ್ಯುತ್ತೇವೆ. ಜಾತ್ರೆಗಳೂ ಇರುತ್ತವೆ. ಇಷ್ಟು ದಿನ ಬಾಡಿಗೆ ಪಿಕಪ್‌ನಲ್ಲೇ ನಡೆಯುತ್ತಿತ್ತು. ಈಗ ಬಾಡಿಗೆಯೂ ಜಾಸ್ತಿ ಆಗಿದೆ, ಮುಹೂರ್ತದ ದಿನ ಗಾಡಿ ಸಿಗುವುದೂ ಇಲ್ಲ. ಪಿಕಪ್‌ಗೆ ಹತ್ತಿಸಲು ಪ್ರತಿ ಊರಲ್ಲೂ ಒಂದು ದಿಬ್ಬ ಹುಡುಕಬೇಕು. ಕಲ್ಯಾಣ ಮಂಟಪದ ಮುಂದೆ ದಿಬ್ಬ ಎಲ್ಲಿಂದ ತರೋದು?

ಧಾರವಾಡದ ಹತ್ತಿರ ತೋಟದ ಮನೆಯವರೊಬ್ಬರು ಎರಡು ಕುದುರೆ ಹಿಡಿಯುವ ಟ್ರೇಲರ್ ಮಾರುತ್ತಿದ್ದಾರೆ. 2018ರಲ್ಲಿ ಮಾಡಿಸಿದ್ದಂತೆ. ಎರಡು ಆಕ್ಸಲ್, ನಾಲ್ಕು ಚಕ್ರ, ಹಿಂದೆ ಇಳಿಸುವ ರ್ಯಾಂಪ್, ಒಳಗೆ ರಬ್ಬರ್ ಮ್ಯಾಟ್. ಮೊನ್ನೆ ತಾನೇ ಬಣ್ಣ ಹೊಡೆಸಿದ್ದಾರೆ. ನೋಡೋಕೆ ಭಾರಿ ಚೆಂದ ಇದೆ. 2.60 ಲಕ್ಷ ಹೇಳಿದ್ದಾರೆ, ಸ್ವಲ್ಪ ಇಳಿಯಬಹುದು. ಎಳೆಯೋಕೆ ನಮ್ಮ ಬೊಲೆರೊ ಇದೆ. ಭಾನುವಾರ ಮತ್ತೆ ಹೋಗುವವನಿದ್ದೇನೆ. ಏನು ನೋಡಬೇಕು, ಏನು ಕೇಳಬೇಕು, ತಿಳಿದವರು ಹೇಳಿ. ಎತ್ತಿನ ಟ್ರೇಲರ್ ಬಗ್ಗೆ ಗೊತ್ತಿದ್ದವರೂ ಹೇಳಬಹುದು.

ಸುಮ್ನೆ ಓದೋನು:

ಟ್ರೇಲರ್ ಉಸಾಬರಿ ಯಾಕ್ರಿ? ಒಂದು ಹಳೇ ಪಿಕಪ್ ತಗೊಂಡು ಬಾಡಿ ಕಟ್ಟಿಸಿ. ಮುಗೀತು.

ವೆಲ್ಡಿಂಗ್ ಕಾಕಾ, ಹುಬ್ಬಳ್ಳಿ:

ತಮ್ಮಾ, ಮಾರುವ ಮುಂಚೆ ಹೊಸ ಬಣ್ಣ ಹೊಡೆಸಿದ್ದಾರೆ ಅಂದರೆ ನನಗೆ ಮೊದಲು ಅನುಮಾನವೇ ಬರುತ್ತದೆ. ಎಲ್ಲರೂ ಮೋಸ ಮಾಡ್ತಾರೆ ಅಂತಲ್ಲ. ಆದರೆ ಬಣ್ಣದ ಕೆಳಗೆ ಪುಟ್ಟಿ ತುಂಬಿದ್ದರೆ ಕಣ್ಣಿಗೆ ಕಾಣಲ್ಲ. ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗು. ಹಳೇ ಸ್ಪೀಕರ್‌ನದ್ದು ಇದ್ದರೂ ನಡೆಯುತ್ತದೆ, ಆದರೆ ಮೇಲೆ ಒಂದು ತೆಳು ಬಟ್ಟೆ ಸುತ್ತು. ಇಲ್ಲದಿದ್ದರೆ ಅವರ ಬಣ್ಣ ಕೆರೆದು ಜಗಳ ಆಗುತ್ತದೆ. ಗೋಡೆಯ ಕೆಳಗಿನ ಅರ್ಧ ಅಡಿ ಪೂರ್ತಿ ಅದನ್ನು ಹಿಡಿದು ಜಾರಿಸಿಕೊಂಡು ಹೋಗು. ತಗಡು ಇದ್ದಲ್ಲಿ ಗಟ್ಟಿ ಹಿಡಿಯುತ್ತದೆ. ಪುಟ್ಟಿ ಇದ್ದಲ್ಲಿ ಸಡಿಲ ಬಿಟ್ಟು ಜಾರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಲೈಟ್ ಕೂರಿಸಿದ ಜಾಗ, ರ್ಯಾಂಪ್ ಕೀಲು ಕೂತಿರುವ ಅಡ್ಡಪಟ್ಟಿ, ಈ ಮೂರು ಕಡೆ ನೀರು ನಿಂತು ಮೊದಲು ತುಕ್ಕು ಬರುತ್ತದೆ.

ಇಷ್ಟು ಮಾಡಿದ ಮೇಲೆ ಒಂದು ಗೋಣಿಚೀಲ ಹಾಸಿಕೊಂಡು ಕೆಳಗೆ ನುಗ್ಗು. ಟಾರ್ಚ್ ಬೇಕು. ಉದ್ದಕ್ಕೆ ಎರಡು ದೊಡ್ಡ ಚಾನಲ್ ಇರುತ್ತವೆ, ಅವು ಚಾಸಿ. ಅವುಗಳ ಮೇಲೆ ಅಡ್ಡ ಚಾನಲ್‌ಗಳು. ಅಡ್ಡ ಚಾನಲ್‌ಗಳ ಮೇಲೆ ನೆಲ. ದೊಡ್ಡ ಚಾನಲ್ ನೇರ ಇದೆಯಾ, ಎಲ್ಲಾದರೂ ತೇಪೆ ಹಚ್ಚಿ ಬೆಸುಗೆ ಹಾಕಿದ್ದಾರಾ ನೋಡು. ಬೆಸುಗೆ ನೋಡುವುದು ಕಷ್ಟ ಅಲ್ಲ. ಒಳ್ಳೇ ಬೆಸುಗೆ ಒಂದೇ ಸಮನೆ ಮೀನಿನ ಹುರುಪೆ ಥರ ಸಾಲಾಗಿ ಕೂತಿರುತ್ತದೆ. ಅಲ್ಲಲ್ಲಿ ಗಂಟು ಗಂಟಾಗಿ ಉಬ್ಬಿದ್ದರೆ, ಸೂಜಿ ಚುಚ್ಚಿದ ಹಾಗೆ ತೂತು ಇದ್ದರೆ, ಅದು ಮೇಲ್ಮೇಲೆ ಅಂಟಿಸಿದ ಕೆಲಸ. ಕುದುರೆ ಸಿಮೆಂಟ್ ಚೀಲದ ಹಾಗೆ ಸುಮ್ಮನೆ ಕೂರಲ್ಲ, ಒದೆಯುತ್ತದೆ, ಓಲಾಡುತ್ತದೆ. ಬೆಸುಗೆ ಬಿಡುವುದು ಅಂಥ ಅಲ್ಲಾಟಕ್ಕೇ.

ತಗಡಿನ ದಪ್ಪ ಕೇಳು. 16 ಗೇಜ್ ಅಂದರೆ 1.6 ಎಂಎಂ, 14 ಗೇಜ್ ಅಂದರೆ 2 ಎಂಎಂ. ಗೇಜ್ ನಂಬರ್ ದೊಡ್ಡದಾದಷ್ಟೂ ತಗಡು ತೆಳು. ಇದನ್ನ ಉಲ್ಟಾ ತಿಳಿದುಕೊಂಡು "18 ಗೇಜ್ ಹಾಕ್ಸಿದೀನಿ" ಅಂತ ಹೆಮ್ಮೆಯಿಂದ ಹೇಳೋರನ್ನ ಕಂಡಿದ್ದೇನೆ. ಕುದುರೆ ಒದೆಯುವ ಎತ್ತರದ ತನಕ ಒಳಗೆ ಇನ್ನೊಂದು ಪದರ ಬೇಕು. ಹಲಗೆ ಆದರೂ ಸರಿ, ದಪ್ಪ ರಬ್ಬರ್ ಆದರೂ ಸರಿ.

ಕೊನೆಗೆ ಟೇಪ್ ಹಿಡಿ. ಮುಂದಿನ ಹುಕ್‌ನ ನಡುವಿನಿಂದ ಮುಂದಿನ ಆಕ್ಸಲ್‌ನ ಎಡ ತುದಿಗೆ ಎಷ್ಟು, ಬಲ ತುದಿಗೆ ಎಷ್ಟು ಅಳೆ. ಎರಡೂ ಒಂದೇ ಬರಬೇಕು. ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇದ್ದರೆ ಟ್ರೇಲರ್ ಅಡ್ಡಡ್ಡ ಓಡುತ್ತದೆ, ಟೈರ್ ತಿನ್ನುತ್ತದೆ. ಅಂಥದ್ದನ್ನ ಬಿಟ್ಟು ಬಾ.

ಪೀಪಿ ಹೋರಿ ಅಭಿಮಾನಿ, ಹಾನಗಲ್:

ಕಾಕಾ ಹೇಳಿದ್ದು ಚಲೋ ಐತ್ರಿ. ನಮ್ಮದು ಹೋರಿ ಲೆಕ್ಕ. ದೀಪಾವಳಿ ಆದ ಮೇಲೆ ಊರೂರಿಗೆ ಹೋರಿ ಬೆದರಿಸುವ ಹಬ್ಬಕ್ಕೆ ಒಯ್ಯಬೇಕು. ಪೀಪಿ, ರಿಬ್ಬನ್, ಕೊಬ್ಬರಿ ಸರದ ಸಿಂಗಾರ ಎಲ್ಲ ಅಖಾಡಕ್ಕೆ ಹೋದ ಮೇಲೆ ಕಟ್ಟುತ್ತೇವೆ, ಸಾಗಿಸುವಾಗ ಬರೀ ಮೂಗುದಾರ, ಹಗ್ಗ. ಹೋರಿಗೂ ಕುದುರೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹೋರಿ ತಲೆ ತಗ್ಗಿಸಿ ನಿಲ್ಲುತ್ತದೆ, ಕುದುರೆ ತಲೆ ಎತ್ತುತ್ತದೆ. ಅದಕ್ಕೆ ನಮ್ಮ ಗಾಡಿಗೆ ಮೇಲೆ ತಾಡಪತ್ರಿ ಕಮಾನು ಇದ್ದರೆ ಸಾಕು. ನಿಮಗೆ ಮೇಲೆ ಎತ್ತರ ಬೇಕು. ಕುದುರೆ ಬೆದರಿ ತಲೆ ಎತ್ತಿ ಚಾವಣಿಗೆ ಬಡಿಸಿಕೊಂಡರೆ ಇನ್ನೊಂದು ಸಲ ಹತ್ತೋದಿಲ್ಲ.

ನೆಲ ಮಾತ್ರ ಇಬ್ಬರಿಗೂ ಒಂದೇ. ಚೆಕ್ಕರ್ ಪ್ಲೇಟ್ (ಉಬ್ಬು ಗೆರೆಯ ತಗಡು) ನೆಲ ಅಂತ ಜಂಬ ಕೊಚ್ಚಿಕೊಳ್ಳುತ್ತಾರೆ. ಉಚ್ಚೆ ಬಿದ್ದರೆ ಅದೂ ಜಾರುತ್ತದೆ. ನಾವು ಅದರ ಮೇಲೆ ತೆಂಗಿನ ನಾರಿನ ಕಾಯರ್ ಮ್ಯಾಟ್ ಹಾಕಿ ಹುಲ್ಲು ಹರಡುತ್ತೇವೆ.

ನಿವೃತ್ತ ಪಶುವೈದ್ಯ, ಗದಗ:

ಹಾನಗಲ್‌ನವರು ಕಾಯರ್ ಮ್ಯಾಟ್ ಅಂದದ್ದು ಬರೀ ರೂಢಿ ಅಲ್ಲ, ಕಾನೂನಿನಲ್ಲೇ ಇದೆ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ದನ ಒಯ್ಯುವ ಮಾಮೂಲಿ ಗೂಡ್ಸ್ ಗಾಡಿಯ ನೆಲಕ್ಕೆ ಕಾಯರ್ ಮ್ಯಾಟ್ ಅಥವಾ ಹಲಗೆಯಂಥ ಜಾರದ ಹಾಸು ಇರಬೇಕು ಎಂದಿದೆ. ಒಂದು ಗಾಡಿಗೆ ಆರಕ್ಕಿಂತ ಹೆಚ್ಚು ದನ ಹಾಕುವಂತಿಲ್ಲ. ಜೊತೆಗೆ ಒಬ್ಬ ನೋಡಿಕೊಳ್ಳುವವನು ಇರಬೇಕು. ದನದ ಮುಖ ಆದಷ್ಟೂ ಇಂಜಿನ್ ಕಡೆಗೆ ಇರಬೇಕು.

ಆಮೇಲೆ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 125ಇ ಎಂಬ ನಿಯಮ ಸೇರಿತು. 2016ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಜಾನುವಾರು ಒಯ್ಯುವ ವಾಹನದಲ್ಲಿ ಪ್ರತಿ ಪ್ರಾಣಿಗೆ ಬೇರೆ ಬೇರೆ, ಕಾಯಂ ಆಗಿ ಕೂರಿಸಿದ ಅಡ್ಡಗಟ್ಟೆ ಬೇಕು. ಹಸು, ಎಮ್ಮೆಗೆ ಕನಿಷ್ಠ 2 ಚದರ ಮೀಟರ್ ಜಾಗ. ಕುದುರೆಗೆ 2.25 ಚದರ ಮೀಟರ್. ಆಡು ಕುರಿಗೆ 0.3. ನಮ್ಮ ಅಡಿ ಲೆಕ್ಕದಲ್ಲಿ ಒಂದು ಕುದುರೆಗೆ ಸುಮಾರು 24 ಚದರ ಅಡಿ. ಅಂದರೆ 3 ಅಡಿ ಅಗಲ, 8 ಅಡಿಗಿಂತ ಸ್ವಲ್ಪ ಹೆಚ್ಚು ಉದ್ದ. ಟ್ರೇಲರ್ ಒಳಗೆ ಟೇಪ್ ಹಿಡಿಯುವಾಗ ಇದನ್ನು ನೆನಪಿಡಿ. ಹೊರಗಿನ ಅಳತೆ ಹೇಳಿ ಮಾರುವವರು ಇದ್ದಾರೆ, ನೀವು ಒಳಗಿನದನ್ನೇ ಹಿಡಿಯಿರಿ.

ಎತ್ತರದ ಬಗ್ಗೆ ಮೇಲೆ ಹೇಳಿದ್ದು ಸರಿ. ಮಾರ್ವಾಡಿ ಕುದುರೆ ಕತ್ತು ನೀಟಾಗಿ ಎತ್ತಿ ನಿಲ್ಲುವ ತಳಿ. ಒಳಗೆ 7 ಅಡಿ ಸಿಗಬೇಕು. ಗಾಳಿ ಇನ್ನೂ ಮುಖ್ಯ. ಏಪ್ರಿಲ್ ಮದುವೆ ಸೀಸನ್‌ನಲ್ಲಿ ಗದಗ ರಸ್ತೆಯ ಬಿಸಿಲು ನಿಮಗೆ ಗೊತ್ತೇ ಇದೆ. ಮುಚ್ಚಿದ ತಗಡಿನ ಡಬ್ಬಿ ನಿಂತಲ್ಲೇ ಕಾಯುತ್ತದೆ. ಎರಡೂ ಕಡೆ ಕಿಟಕಿ, ಮೇಲೆ ಗಾಳಿಕಂಡಿ ಬೇಕು. ಕಿಟಕಿ ತೆರೆದಾಗ ಕುದುರೆ ತಲೆ ಹೊರಗೆ ಹಾಕದಂತೆ ಜಾಲರಿಯೂ ಬೇಕು. ಒಳಗೋಡೆಗೆ ಬಿಳಿ ಬಣ್ಣ ಇದ್ದರೆ ಒಳ್ಳೆಯದು. ಕತ್ತಲ ಗುಹೆಯಂಥ ಜಾಗಕ್ಕೆ ಕುದುರೆ ಕಾಲಿಡಲು ಹಿಂಜರಿಯುತ್ತದೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಸೆಕೆಂಡ್ ಹ್ಯಾಂಡ್ ಟ್ರೇಲರ್ ತಂದರೆ ನಿಮ್ಮ ಕುದುರೆ ಹತ್ತಿಸುವ ಮೊದಲು ಮ್ಯಾಟ್ ತೆಗೆದು ತೊಳೆದು ಸೋಂಕುನಿವಾರಕ ಹೊಡೆಯಿರಿ, ಬಿಸಿಲಿಗೆ ಬಿಡಿ. ಅದರಲ್ಲಿ ಹಿಂದೆ ಯಾವ ಪ್ರಾಣಿ ನಿಂತಿತ್ತೋ ಗೊತ್ತಿರಲ್ಲ. ಕುದುರೆಗಳಿಗೆ ಗ್ಲ್ಯಾಂಡರ್ಸ್ ಎಂಬ ಕಾಯಿಲೆ ಇದೆ, ಮನುಷ್ಯರಿಗೂ ಹಬ್ಬುತ್ತದೆ. ದನಗಳ ವಿಷಯದಲ್ಲಿ 2022ರ ಚರ್ಮಗಂಟು ರೋಗ ಹಾವೇರಿ ಜಿಲ್ಲೆಯವರು ಮರೆತಿರಲಾರರು.

ಬಂಕಾಪುರ ಸವಾರ:

ಡಾಕ್ಟ್ರೇ, ತುಂಬಾ ಉಪಕಾರ ಆಯ್ತು. ಅಳತೆ ನಾನು ತಗೊಂಡಿಲ್ಲ. ಅಡ್ಡಗಟ್ಟೆ ಇದೆ, ನಡುವೆ ನೆಲದ ತನಕ ತಗಡು ಹಾಕಿದ್ದಾರೆ. ಗಟ್ಟಿಯಾಗಿದೆ ಅನ್ನಿಸಿತು.

ದುಬೈ ರಿಟರ್ನ್:

ನೆಲದ ತನಕ ತಗಡು ಇದ್ದರೆ ಅದನ್ನ ಅರ್ಧ ಕತ್ತರಿಸಬೇಕಾಗುತ್ತದೆ ಅಣ್ಣಾ. ನಾನು ಅಲ್ಲಿ ಕುದುರೆ ಲಾಯದಲ್ಲಿ ಕೆಲಸ ಮಾಡಿದವನು. ಗಾಡಿ ತಿರುವಿನಲ್ಲಿ ಹೋಗುವಾಗ ಕುದುರೆ ಕಾಲು ಅಗಲ ಮಾಡಿ ನಿಂತು ತೂಕ ಸರಿಮಾಡಿಕೊಳ್ಳುತ್ತದೆ. ನೆಲದ ತನಕ ಗೋಡೆ ಇದ್ದರೆ ಕಾಲು ಸರಿಸಲು ಜಾಗ ಇರಲ್ಲ. ಆಗ ಗೋಡೆಗೆ ಒರಗಿಕೊಂಡು ಹತ್ತಲು ಒದ್ದಾಡುತ್ತದೆ. ಅಡ್ಡಗಟ್ಟೆಯ ಕೆಳಗೆ ಬಿಟ್ಟಿರಬೇಕು, ಬೇಕಾದರೆ ರಬ್ಬರ್ ಇಳಿಬಿಡಬಹುದು.

ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಬೇರೆ. ಮ್ಯಾಟ್ ಎತ್ತಿಸಿ. ಪೂರ್ತಿ ಎತ್ತಿಸಿ, ಮೂಲೆ ಮಡಚಿ ತೋರಿಸಿದರೆ ಒಪ್ಪಬೇಡಿ. ಕುದುರೆ ಟ್ರೇಲರ್ ಸಾಯುವುದು ನೆಲದಿಂದ. ಉಚ್ಚೆ, ಲದ್ದಿ ಮ್ಯಾಟ್ ಕೆಳಗೆ ಇಳಿದು ಅಲ್ಲೇ ಕೂರುತ್ತದೆ. ಮರದ ಹಲಗೆ ಮೇಲಿಂದ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಕೊಳೆತಿರುತ್ತದೆ. ಒಂದು ಸ್ಕ್ರೂಡ್ರೈವರ್ ತಗೊಂಡು ಪ್ರತಿ ಹಲಗೆಯ ತುದಿ, ನಡುವೆ ಚುಚ್ಚಿ ನೋಡಿ. ಗಟ್ಟಿ ಮರ ಟಕ್ ಅನ್ನುತ್ತದೆ, ತುದಿ ಒಳಗೆ ಹೋಗಲ್ಲ. ಕೊಳೆತಿದ್ದರೆ ನಿಮಗೇ ಕೈಯಲ್ಲಿ ಗೊತ್ತಾಗುತ್ತದೆ. ಹಿಂದಿನ ಕಾಲು ನಿಲ್ಲುವ ಜಾಗದಲ್ಲಿ ಜಾಸ್ತಿ ಚುಚ್ಚಿ. ಅಲ್ಯೂಮಿನಿಯಂ ನೆಲ ಆದರೆ ಕೊಳೆಯಲ್ಲ, ಆದರೆ ಉಚ್ಚೆ ಅದನ್ನೂ ತಿನ್ನುತ್ತದೆ. ಬಿಳಿ ಪುಡಿ, ಸಣ್ಣ ಸಣ್ಣ ಗುಳಿ ಕಂಡರೆ ಅದೇ ಲಕ್ಷಣ. ಅಲ್ಯೂಮಿನಿಯಂ ಹಾಳೆ ಕಬ್ಬಿಣಕ್ಕೆ ತಾಗಿ ಕೂತಿರುವ ಜಾಗದಲ್ಲಿ ಇದು ಬೇಗ ಆಗುತ್ತದೆ.

ಇನ್ನು ಹುಕ್. ಬಾಲ್ ಹುಕ್ ಇದ್ದರೆ ಗಾಡಿ ಹಿಂದಿನ ಬಾಲ್ (ಕಬ್ಬಿಣದ ಗುಂಡು) ಮೇಲೂ, ಅದರ ಮೇಲೆ ಕೂರುವ ಟ್ರೇಲರ್‌ನ ಕಪ್ ಮೇಲೂ ಅಳತೆ ಕೆತ್ತಿರುತ್ತಾರೆ. ಕಪ್ ಮೇಲೆ 50 ಎಂಎಂ, ಬಾಲ್ ಮೇಲೆ 1⅞ ಇಂಚು ಇದ್ದರೆ ಕಪ್ ಕೂತ ಹಾಗೆ ಕಾಣುತ್ತದೆ, ರಸ್ತೆಯ ಗುಂಡಿಗೆ ಬಿದ್ದಾಗ ಕಳಚುತ್ತದೆ. ಆ ಸಣ್ಣ ಬಾಲ್ ಕೇವಲ 47.6 ಎಂಎಂ ಇರುತ್ತದೆ. ಎರಡು ಸರಪಳಿ ಇರಬೇಕು, ಹುಕ್ ಕೆಳಗೆ ಅಡ್ಡಡ್ಡ ಹಾಯ್ದು ಗಾಡಿಗೆ ಸಿಕ್ಕಿಸಬೇಕು. ಹುಕ್ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಸರಪಳಿ ಮೇಲೆ ನಿಲ್ಲುತ್ತದೆ.

ಎದೆ ಕಡೆ ಅಡ್ಡಪಟ್ಟಿಯನ್ನ ಹೊರಗಿನಿಂದ ಬಿಡಿಸಲು ಬರಬೇಕು. ಕುದುರೆ ಅದರ ಮೇಲೆ ಮುಂಗಾಲು ಹಾಕಿಬಿಟ್ಟರೆ ಒಳಗೆ ಹೋಗಿ ಬಿಡಿಸಲು ಆಗಲ್ಲ. ಮುಂದೆ ಮನುಷ್ಯ ಹೊರಬರುವ ಸಣ್ಣ ಬಾಗಿಲು ಇದೆಯಾ ನೋಡಿ. ಆಮೇಲೆ ನೀವೇ ಒಳಗೆ ಹೋಗಿ, ಹಿಂದಿನ ಬಾಗಿಲು ಹಾಕಿಸಿ, ನಡುವೆ ನಿಂತು ಜಿಗಿಯಿರಿ. ಹೊರಗಿಂದ ಯಾರಾದರೂ ಅಲ್ಲಾಡಿಸಲಿ. ಎಲ್ಲೆಲ್ಲಿ ತಗಡು ಕಟಕಟ ಅನ್ನುತ್ತದೆ ಅಂತ ಕೇಳಿಸಿಕೊಳ್ಳಿ. ಕುದುರೆಗೆ ದಾರಿಯುದ್ದಕ್ಕೂ ಅದೇ ಸದ್ದು ಕೇಳುವುದು. ಅಂಗೈಯಿಂದ ಗೋಡೆ ಪೂರ್ತಿ ಸವರಿ. ಚೂಪು ತುದಿ, ಹೊರಬಂದ ಸ್ಕ್ರೂ ಸಿಕ್ಕರೆ ಅದು ಕುದುರೆಗೂ ಸಿಗುತ್ತದೆ.

ವೆಲ್ಡಿಂಗ್ ಕಾಕಾ, ಹುಬ್ಬಳ್ಳಿ:

ದುಬೈ ತಮ್ಮ ಹೇಳಿದ್ದು ಒಪ್ಪಿದೆ. ನಮ್ಮ ಕಡೆ ಟ್ರ್ಯಾಕ್ಟರ್ ಟ್ರೇಲರ್‌ಗೆ ಬಾಲ್ ಇರಲ್ಲ, ಕಣ್ಣು ಮತ್ತು ಪಿನ್ ಇರುತ್ತದೆ. ಅಲ್ಲಿ ಪಿನ್ ಸವೆದಿದೆಯಾ, ಕಣ್ಣು ಮೊಟ್ಟೆ ಆಕಾರಕ್ಕೆ ಬಂದಿದೆಯಾ ನೋಡಬೇಕು. ಪಿನ್ ಕೆಳಗೆ ಲಾಕ್ ಕ್ಲಿಪ್ ಇರಲೇಬೇಕು. ಬೈಂಡಿಂಗ್ ವೈರ್ ಸುತ್ತಿ ಓಡಿಸುತ್ತಾರಲ್ಲ, ಅದನ್ನ ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಟೈರ್ ಅಂಗಡಿ, ರಾಣೇಬೆನ್ನೂರು:

ಟೈರ್ ಬಟನ್ (ನೆಲಕ್ಕೆ ತಾಗುವ ಗೀರು) ಚೆನ್ನಾಗಿದೆ ಅಂತ ನಂಬಬೇಡಿ. ಟ್ರೇಲರ್ ಟೈರ್ ಓಡಿ ಸವೆಯುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3217 ಅಂದರೆ 2017ನೇ ಇಸವಿಯ 32ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಪಕ್ಕದಲ್ಲಿ ಕೂದಲೆಳೆಯ ಬಿರುಕು ಹುಡುಕಿ. ಒಂದು ಕಡೆ ಮಾತ್ರ ಸವೆದಿದ್ದರೆ ಆಕ್ಸಲ್ ಬಾಗಿರಬಹುದು. ಸ್ಟೆಪ್ನಿ ಕೇಳಿ. ಜಾಕ್ ಅದಕ್ಕೆ ಕೂರುತ್ತಾ ಅಂತಲೂ ಕೇಳಿ. ಕುದುರೆ ಒಳಗಿಟ್ಟುಕೊಂಡೇ ಚಕ್ರ ಬಿಚ್ಚುವ ಪ್ರಸಂಗ ಬರುತ್ತದೆ.

ಕಾಗದ ಪತ್ರ:

ಎಲ್ಲರೂ ಕಬ್ಬಿಣದ ಬಗ್ಗೆ ಹೇಳಿದಿರಿ, ಯಾರೂ ಆರ್‌ಸಿ ಬಗ್ಗೆ ಮಾತಾಡಲಿಲ್ಲ. ಟ್ರೇಲರ್‌ಗೆ ಇಂಜಿನ್ ಇಲ್ಲದಿದ್ದರೂ ಅದಕ್ಕೆ ಬೇರೆ ನೋಂದಣಿ, ಬೇರೆ ನಂಬರ್. ನಮ್ಮ ಕಡೆ ಟ್ರ್ಯಾಕ್ಟರ್‌ಗೂ ಅದರ ಟ್ರೇಲರ್‌ಗೂ ಎರಡು ನಂಬರ್ ಇರುವುದು ನೋಡಿರುತ್ತೀರಿ. ಧಾರವಾಡದ್ದಾದರೆ ಕೆಎ-25, ಹುಬ್ಬಳ್ಳಿಯದ್ದಾದರೆ ಕೆಎ-63. ಆರ್‌ಸಿಯಲ್ಲಿರುವ ಚಾಸಿ ನಂಬರ್ ಮತ್ತು ಚಾನಲ್ ಮೇಲೆ ಕೆತ್ತಿರುವ ನಂಬರ್ ಎರಡನ್ನೂ ಅಕ್ಷರ ಅಕ್ಷರ ಹೋಲಿಸಿ. ಹೊಸ ಬಣ್ಣದ ಕೆಳಗೆ ನಂಬರ್ ಮುಚ್ಚಿದ್ದರೆ ಕೆರೆದು ತೋರಿಸಲು ಹೇಳಿ. ವರ್ಕ್‌ಶಾಪ್‌ನ ಬಿಲ್ಲು ತೋರಿಸಿ "ಇದೇ ಕಾಗದ" ಅಂದರೆ ಅಲ್ಲಿಂದಲೇ ಕೈ ಮುಗಿಯಿರಿ. ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಬೇಕು. ಹೆಸರು ಬದಲಿಗೆ ಫಾರಂ 29, 30. ಸರ್ಕಾರದ ಪರಿವಾಹನ್ ತಾಣದಲ್ಲಿ ನಂಬರ್ ಹಾಕಿದರೆ ಅರ್ಧ ಜಾತಕ ಅಲ್ಲೇ ಸಿಗುತ್ತದೆ.

ಹೊಸದು ಮಾಡಿಸುವುದಾದರೆ ಮಾಡುವವರು ಫಾರಂ 21 (ಮಾರಾಟದ ಪ್ರಮಾಣಪತ್ರ), 22 (ರಸ್ತೆಗಿಳಿಯಲು ಯೋಗ್ಯ ಅನ್ನುವ ಪ್ರಮಾಣಪತ್ರ) ಕೊಡುತ್ತಾರಾ ಅಂತ ಮುಂಗಡ ಕೊಡುವ ಮೊದಲೇ ಕೇಳಿ. ಆಮೇಲೆ ಕೇಳಿದರೆ ಉಪಯೋಗ ಇಲ್ಲ. ಕೃಷಿ ಟ್ರೇಲರ್ ಅಂತ ನೋಂದಣಿ ಮಾಡಿಸಿ ಮದುವೆಗೆ ಬಾಡಿಗೆ ಓಡಿಸಿದರೆ ವಿಮೆಯವರು ಕ್ಲೇಮ್ ಹೊತ್ತಲ್ಲಿ ತಕರಾರು ತೆಗೆಯುತ್ತಾರೆ. ಇದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ.

ಧಾರವಾಡ ಪೇಡೆ:

ಬೊಲೆರೊ ಎಳೆಯುತ್ತದೆ ಅಂದಿರಿ. ಎಳೆಯೋದು ಸರಿ, ನಿಲ್ಲಿಸುವುದು? ಲೆಕ್ಕ ಹಾಕಿ. ಎರಡು ಕುದುರೆ ಸೇರಿ 800 ಕೆ.ಜಿ. ಕಬ್ಬಿಣದ ಎರಡು ಕುದುರೆ ಟ್ರೇಲರ್ ಖಾಲಿಯೇ ಒಂದು ಟನ್ ಹತ್ತಿರ. ಒಟ್ಟು 1.8 ಟನ್. ಬೊಲೆರೊ ಸ್ವತಃ 1.6 ಟನ್ ಆಸುಪಾಸು. ಅಂದರೆ ಹಿಂದಿನದು ಮುಂದಿನದಕ್ಕಿಂತ ಭಾರ. ಟ್ರೇಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಅದು ನಿಮ್ಮನ್ನು ತಳ್ಳಿಕೊಂಡು ಹೋಗುತ್ತದೆ.

ಸುಮ್ನೆ ಓದೋನು:

ಟ್ರ್ಯಾಕ್ಟರ್ ಟ್ರೇಲರ್‌ಗೆ ಯಾವ ಬ್ರೇಕ್ ಇದೆ ಸ್ವಾಮಿ? ಕಬ್ಬು, ಮೆಕ್ಕೆಜೋಳ ಎಲ್ಲ ಹಾಗೇ ಸಾಗ್ತಿಲ್ವಾ?

ಧಾರವಾಡ ಪೇಡೆ:

ಮೆಕ್ಕೆಜೋಳ ನಿಧಾನಕ್ಕೆ ಹೋಗುತ್ತದೆ, ಅದಕ್ಕೆ ಕಾಲೂ ಇಲ್ಲ. ನೀವು ಹೆದ್ದಾರಿಯಲ್ಲಿ 50ರ ವೇಗದಲ್ಲಿ ಒಮ್ಮೆ ಬ್ರೇಕ್ ಒತ್ತಿದರೆ ಹಿಂದಿರುವ ಕುದುರೆ ಎದೆಪಟ್ಟಿಗೆ ಬಂದು ಬೀಳುತ್ತದೆ. ಹಾಗೆ ಸಾಗುತ್ತಿರುವ ಟ್ರೇಲರ್‌ಗಳು ಎಷ್ಟು ಸಲ ಪಲ್ಟಿ ಹೊಡೆದಿವೆ ಅಂತ ಪೇಪರ್ ಓದುವವರಿಗೆ ಗೊತ್ತು.

ದುಬೈ ರಿಟರ್ನ್:

ಪೇಡೆಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸಣ್ಣ ಟ್ರೇಲರ್‌ಗಳಲ್ಲಿ ಎರಡು ಥರದ ಬ್ರೇಕ್ ಸಿಗುತ್ತವೆ. ಒಂದು ಕರೆಂಟ್‌ನದ್ದು, ಗಾಡಿಯೊಳಗಿನ ಪೆಟ್ಟಿಗೆಯಿಂದ ನಡೆಯುತ್ತದೆ. ಇನ್ನೊಂದು ದೂಡುವ ಬ್ರೇಕ್. ಮುಂದಿನ ಗಾಡಿ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ದೂಡುತ್ತದಲ್ಲ, ಆ ದೂಡುವಿಕೆಯಿಂದಲೇ ಹುಕ್ ಹಿಂದಿನ ರಾಡ್ ಒಳಗೆ ಸರಿದು ಚಕ್ರದ ಬ್ರೇಕ್ ಹಿಡಿಯುತ್ತದೆ. ಜೊತೆಗೆ ಒಂದು ಸಣ್ಣ ತಂತಿ ಗಾಡಿಗೆ ಸಿಕ್ಕಿಸಿರುತ್ತಾರೆ. ಹುಕ್ ಬಿಟ್ಟುಹೋದರೆ ತಂತಿ ಎಳೆದು ಟ್ರೇಲರ್ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಈ ತಂತಿ ತುಕ್ಕು ಹಿಡಿದು ಗಂಟು ಕಟ್ಟಿದ್ದರೆ ಉಳಿದದ್ದನ್ನೂ ಯಾರೂ ನೋಡಿಲ್ಲ ಅಂತಲೇ ಅರ್ಥ.

ಬ್ಯಾಡಗಿ ಘಾಟು:

ತೂಕದ ಲೆಕ್ಕ ಬಾಯಲ್ಲಿ ಯಾಕೆ, ಕಾಟಾದ ಮೇಲೆ ಹಾಕಿ ನೋಡಿ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ಸುತ್ತ ವೇ ಬ್ರಿಡ್ಜ್‌ಗೆ ಬರ ಇಲ್ಲ. ಮೊದಲು ಟ್ರೇಲರ್ ಒಂದನ್ನೇ ಬಿಚ್ಚಿ ಪೂರ್ತಿ ತೂಗಿ. ಆಮೇಲೆ ಚಕ್ರಗಳು ಕಾಟಾದ ಹೊರಗೆ, ಮುಂದಿನ ಜಾಕ್ ಮಾತ್ರ ಕಾಟಾದ ಮೇಲೆ ಬರುವ ಹಾಗೆ ನಿಲ್ಲಿಸಿ. ಆಗ ಬರುವುದು ಹುಕ್ ಮೇಲಿನ ಭಾರ. ಕುದುರೆ ತುಂಬಿದ ಒಟ್ಟು ತೂಕದಲ್ಲಿ ಅದು ನೂರಕ್ಕೆ 10ರಿಂದ 15ರಷ್ಟು ಇರಬೇಕು ಅಂತ ಲೆಕ್ಕ. ಕಮ್ಮಿ ಆದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಜಾಸ್ತಿ ಆದರೆ ಬೊಲೆರೊದ ಹಿಂಭಾಗ ಕೂತು ಸ್ಟೇರಿಂಗ್ ಹಗುರ ಆಗುತ್ತದೆ. ಖಾಲಿ ಇದ್ದಾಗ ತೂಗಿದರೂ ಒಂದು ಅಂದಾಜು ಸಿಗುತ್ತದೆ. ಮೆಣಸಿನಕಾಯಿ ಘಾಟಿಗೆ ಕುದುರೆ ಸೀನಿದರೆ ನಾನು ಜವಾಬ್ದಾರ ಅಲ್ಲ.

ಬಂಕಾಪುರ ಸವಾರ:

ಹೋಗಿ ಬಂದೆ. ಮಾವನವರ ಮಗ ಗ್ಯಾರೇಜ್ ಹುಡುಗ, ಅವನನ್ನೂ ಕರೆದುಕೊಂಡು ಹೋಗಿದ್ದೆ. ಉದ್ದ ಆಗುತ್ತದೆ, ಆದರೂ ಬರೆಯುತ್ತೇನೆ.

ಯಜಮಾನರು ಒಳ್ಳೆಯ ಮನುಷ್ಯರು. ಮ್ಯಾಟ್ ಎತ್ತಿ ಅಂದ ಕೂಡಲೇ ಆಳು ಕರೆದು ಎತ್ತಿಸಿದರು. ಮುಂದಿನ ಹಲಗೆಗಳು ಗಟ್ಟಿ ಇವೆ. ಹಿಂದಿನ ಮೂರು ಹಲಗೆಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯ ತನಕ ಹೋಯಿತು. ಹೊರಗೆ ತೆಗೆದಾಗ ತುದಿಗೆ ಒದ್ದೆ ಕಪ್ಪು ನಾರು ಅಂಟಿಕೊಂಡು ಬಂತು, ಉಚ್ಚೆ ವಾಸನೆ. ಯಜಮಾನರೇ ಬಗ್ಗಿ ನೋಡಿ "ಅರೆ" ಅಂದರು. ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಕೆಳಗೆ ನುಗ್ಗಿ ನೋಡಿದರೆ ಆ ಜಾಗದ ಒಂದು ಅಡ್ಡ ಚಾನಲ್ ಪದರ ಪದರವಾಗಿ ಎದ್ದಿದೆ. ಸ್ಪ್ಯಾನರ್‌ನಿಂದ ಬಡಿದರೆ ಚಕ್ಕೆ ಉದುರುತ್ತದೆ. ಉದ್ದದ ಎರಡು ಚಾನಲ್ ಮಾತ್ರ ನೇರ ಇವೆ, ತೇಪೆ ಇಲ್ಲ. ಹುಕ್‌ನಿಂದ ಆಕ್ಸಲ್‌ಗೆ ಎರಡೂ ಕಡೆ ಅಳತೆ ಒಂದೇ ಬಂತು.

ಬ್ರೇಕ್ ಕಥೆ ಕೇಳಿ. ದುಬೈ ಅಣ್ಣ ಹೇಳಿದ ದೂಡುವ ಬ್ರೇಕ್ ಇದೆ. ಆದರೆ ಲಿವರ್‌ಗೆ ತಂತಿ ಸುತ್ತಿ ಬಿಗಿದಿದ್ದಾರೆ. ನಮ್ಮ ಹುಡುಗ ಚಕ್ರ ಬಿಚ್ಚಿ ಡ್ರಮ್ ತೆಗೆದರೆ ಒಳಗೆ ಬ್ರೇಕ್ ಶೂ ಇಲ್ಲವೇ ಇಲ್ಲ! ಅವರ ಡ್ರೈವರ್ ಹೇಳಿದ, ರಿವರ್ಸ್ ತಗೊಳ್ಳುವಾಗ ಬ್ರೇಕ್ ಹಿಡಿದುಕೊಳ್ಳುತ್ತಿತ್ತಂತೆ, ಅದಕ್ಕೆ ತೆಗೆದು ಇಟ್ಟಿದ್ದಾನಂತೆ. ಎಲ್ಲಿ ಇಟ್ಟಿದ್ದಾನೆ ಅಂದರೆ ನೆನಪಿಲ್ಲ.

ಟೈರ್ ನಾಲ್ಕರಲ್ಲಿ ಮೂರು 2017ರವು. ಖಾಲಿ ಟ್ರೇಲರ್ ಎಳೆದುಕೊಂಡು ನರೇಂದ್ರ ತನಕ ಹೋಗಿ ಬಂದೆವು. ಇಳಿದು ಚಕ್ರಗಳ ನಡುವಿನ ಹಬ್ ಮೇಲೆ ಕೈ ಇಟ್ಟರೆ ಮೂರು ಉಗುರುಬೆಚ್ಚಗೆ, ಎಡಗಡೆ ಹಿಂದಿನದು ಕೈ ಇಡೋಕೆ ಆಗದಷ್ಟು ಬಿಸಿ. ಜಾಕ್ ಕೊಟ್ಟು ಎತ್ತಿ ಚಕ್ರ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಟ ಇದೆ. ಬೇರಿಂಗ್ ಹೋಗಿದೆ.

ಆರ್‌ಸಿ ಇದೆ, ನಂಬರ್ ಹೊಂದುತ್ತದೆ, ಸಾಲ ಇಲ್ಲ. ಒಳ ಅಳತೆ 6 ಅಡಿ ಅಗಲ, ಏಳೂವರೆ ಅಡಿ ಉದ್ದ. ಎತ್ತರ 7 ಅಡಿಗೆ ಒಂದು ಇಂಚು ಕಮ್ಮಿ. ಈಗ 2 ಲಕ್ಷಕ್ಕೆ ಕೊಡ್ತೀನಿ ಅಂತಿದ್ದಾರೆ. ಏನು ಮಾಡಲಿ?

ವೆಲ್ಡಿಂಗ್ ಕಾಕಾ, ಹುಬ್ಬಳ್ಳಿ:

ಚಾಸಿ ನೇರ ಇದೆ, ಕಾಗದ ಸರಿ ಇದೆ ಅಂದರೆ ಉಳಿದದ್ದು ಕೈಯಲ್ಲಿ ಆಗುವ ಕೆಲಸ. ಅಡ್ಡ ಚಾನಲ್ ಒಂದು ಬದಲು, ಅಕ್ಕಪಕ್ಕದ ಎರಡನ್ನೂ ಬಡಿದು ನೋಡಬೇಕು. ಹಲಗೆ ಎಲ್ಲ ಹೊಸದು ಹಾಕಿಸು, ಮೂರೇ ಬದಲಿಸಿ ಉಳಿಸೋಕೆ ಹೋಗಬೇಡ. ಎರಡು ಇಂಚು ದಪ್ಪದ ಮತ್ತಿ ಹಲಗೆ ಆಗಲಿ. ಹಲಗೆ ಹಲಗೆ ನಡುವೆ ಪೆನ್ಸಿಲ್ ತೂರುವಷ್ಟು ಸಂದು ಬಿಡಬೇಕು, ಉಚ್ಚೆ ಇಳಿದು ಹೋಗಲಿ. ಬೋಲ್ಟ್ ಹಾಕಿ ಕೂರಿಸು, ಮುಂದೆ ಬಿಚ್ಚೋಕೆ ಬರುತ್ತದೆ. ನಾಲ್ಕೂ ಹಬ್‌ನ ಬೇರಿಂಗ್, ಸೀಲ್ ಬದಲು. ಬ್ರೇಕ್ ಶೂ ನಾಲ್ಕೂ ಚಕ್ರಕ್ಕೆ. ರಿವರ್ಸ್‌ನಲ್ಲಿ ಹಿಡಿಯುತ್ತದೆ ಅಂತ ಬ್ರೇಕ್ ಕಿತ್ತವನಿಗೆ ಏನು ಹೇಳೋದು? ರಿವರ್ಸ್ ಹೊತ್ತಿನಲ್ಲಿ ಮಾತ್ರ ಹಾಕುವ ಲಾಕ್ ಪಟ್ಟಿ ಇರುತ್ತದೆ, ಅದನ್ನ ಸರಿ ಮಾಡಿಸಿದ್ದರೆ ಮುಗಿಯುತ್ತಿತ್ತು.

ಈ ಖರ್ಚೆಲ್ಲ ಬರೆದು ತೋರಿಸಿ 2 ಲಕ್ಷದಿಂದ ಕಳೆದು ಕೇಳು.

ನಿವೃತ್ತ ಪಶುವೈದ್ಯ, ಗದಗ:

ಒಂದು ನಿಮಿಷ. 6 ಅಡಿಗೆ ಏಳೂವರೆ ಅಂದರೆ 45 ಚದರ ಅಡಿ. ಇಬ್ಭಾಗ ಮಾಡಿದರೆ ಕುದುರೆಗೆ ಇಪ್ಪತ್ತೆರಡೂವರೆ. ನಿಯಮದ 2.25 ಚದರ ಮೀಟರ್ ಅಂದರೆ 24ಕ್ಕೂ ಸ್ವಲ್ಪ ಮೇಲೆ. ಇದು ಎರಡು ಕುದುರೆಯ ಟ್ರೇಲರ್ ಅಲ್ಲವೇ ಅಲ್ಲ. ಬರೀ ಕಾನೂನಿನ ಮಾತೂ ಅಲ್ಲ. ಏಳೂವರೆ ಅಡಿಯಲ್ಲಿ ನಿಮ್ಮ ಮಾರ್ವಾಡಿ ಕುದುರೆಯ ಮುಂದೆ ಎದೆಪಟ್ಟಿ, ಹಿಂದೆ ಪೃಷ್ಠದ ಪಟ್ಟಿ ಹಾಕಿದರೆ ತಲೆ ಆಡಿಸಲು ಜಾಗ ಎಲ್ಲಿ ಉಳಿಯುತ್ತದೆ? ಎತ್ತರವೂ ಕಮ್ಮಿ. ಅದಕ್ಕೆ ನೆಲ ಹೊಸದು ಹಾಕಿಸಬಹುದು, ಉದ್ದ ಹೇಗೆ ಬೆಳೆಸುತ್ತೀರಿ?

ಬಂಕಾಪುರ ಸವಾರ:

ಹೌದಲ್ಲ ಡಾಕ್ಟ್ರೇ. ಅಲ್ಲಿ ಬೇರಿಂಗ್, ಬ್ರೇಕ್ ಅಂತ ತಲೆ ಕೆಡಿಸಿಕೊಂಡು ಅಳತೆ ಬರೆದುಕೊಂಡೆನೇ ಹೊರತು ಭಾಗಿಸಿ ನೋಡಲಿಲ್ಲ. ಹಾಗಾದರೆ ನನಗೆ ಇದು ಆಗಿಬರಲ್ಲ. ಯಜಮಾನರಿಗೆ ಫೋನ್ ಮಾಡಿ ಹೇಳಿಬಿಡುತ್ತೇನೆ. ತಾರಿಹಾಳ ಕಡೆ ಹೊಸದು ಮಾಡಿಕೊಡುವವರನ್ನ ಕೇಳುತ್ತೇನೆ, ಒಳಗೆ 6 ಅಡಿಗೆ ಎಂಟೂವರೆ. ಫಾರಂ 21, 22 ಕೊಡ್ತೀರಾ ಅನ್ನೋದೇ ಮೊದಲ ಪ್ರಶ್ನೆ. ಈ ಸೀಸನ್‌ಗೆ ಬಾಡಿಗೆ ಪಿಕಪ್ಪೇ ಗತಿ.

ಸುಮ್ನೆ ಓದೋನು:

ನಾನು ಮೊದಲೇ ಹೇಳಿರಲಿಲ್ವಾ?

ಪೀಪಿ ಹೋರಿ ಅಭಿಮಾನಿ, ಹಾನಗಲ್:

ಡಾಕ್ಟ್ರೇ, ಒಂದು ಅನುಮಾನ. ದನಕ್ಕೆ 2 ಚದರ ಮೀಟರ್ ಅಂದಿರಲ್ಲ, ಅಡಿ ಲೆಕ್ಕದಲ್ಲಿ ಎಷ್ಟಾಯಿತು?

ನಿವೃತ್ತ ಪಶುವೈದ್ಯ, ಗದಗ:

ಸುಮಾರು ಇಪ್ಪತ್ತೊಂದೂವರೆ ಚದರ ಅಡಿ.

ಪೀಪಿ ಹೋರಿ ಅಭಿಮಾನಿ, ಹಾನಗಲ್:

ಹಾಗಾದ್ರೆ ಎರಡು ಹೋರಿಗೆ ಸರಿಹೋಯ್ತು! ಬಂಕಾಪುರ ಅಣ್ಣಾರ, ಯಜಮಾನರಿಗೆ ಬೇಡ ಅಂತ ಹೇಳುವ ಮುಂಚೆ ಅವರ ನಂಬರ್ ನನಗೆ ಮೆಸೇಜ್ ಮಾಡ್ರಿ. ಕಾಕಾ, ಹಲಗೆ, ಬ್ರೇಕ್, ಬೇರಿಂಗ್ ಎಲ್ಲ ಸೇರಿ ಎಷ್ಟಾಗಬಹುದು? ಒಂದೂ ಕಾಲು ಲಕ್ಷಕ್ಕೆ ಕೇಳಿದರೆ ಕೊಡ್ತಾರಾ?

ವೆಲ್ಡಿಂಗ್ ಕಾಕಾ, ಹುಬ್ಬಳ್ಳಿ:

ನೋಡದೆ ರೇಟ್ ಹೇಳಲ್ಲ. ಅಂಗಡಿಗೆ ತಗೊಂಡು ಬಾ. ಎಳೆದುಕೊಂಡು ಬರುವಾಗ ಖಾಲಿ ಇರಲಿ, ಆ ಎಡಗಡೆ ಬೇರಿಂಗ್‌ಗೆ ಗ್ರೀಸ್ ತುಂಬಿಸಿಕೊಂಡು, ನಿಧಾನಕ್ಕೆ ಬಾ. ಆ ಡ್ರೈವರ್‌ನ ಕೇಳು, ಬ್ರೇಕ್ ಶೂ ಎಲ್ಲಿಟ್ಟಿದ್ದಾನೆ ಅಂತ ನೆನಪಾಯ್ತಾ ಅಂತ.